ಹಳೇ ಪ್ರೊಸೆಸರ್ ಕೇಳೋಕೆ ಹೋದೋನು

ಇದನ್ನ ಇನ್ನೊಬ್ಬರಿಗೆ ಹೇಳ್ಬಾರದು ಅಂತ ನನಗೆ ಹೇಳಿದ್ರು. ಹಾಗಂದೋರು ಫಕ್ರುದ್ದೀನ್ ಮೇಷ್ಟ್ರು. ಒಬ್ಬರ ಪ್ರಶ್ನೆಗೆ ಅಂತ ಹೇಳಿದ ಕತೆ ಇನ್ನೊಬ್ಬರಿಗೆ ಸರಿಯಾಗಿ ಕೂರಲ್ಲ, ಬಾಯಿಂದ ಬಾಯಿಗೆ ಹೋಗಿ ಹಾಳಾಗುತ್ತೆ ಅಂತ ಅವರ ಲೆಕ್ಕ. ನಾನು ಹೂಂ ಅಂದೆ. ನಾನು ಮಾತಾಡೋದೇ ಕಮ್ಮಿ, ಹಾಗಾಗಿ ಅವರು ನಂಬಿದ್ರು. ಆದ್ರೂ ಹೇಳ್ತಿದ್ದೀನಿ. ಓದಿದ ಕತೆ ಆಗಿದ್ರೆ ಪುಸ್ತಕ ಮುಚ್ಚಿಡಬಹುದಿತ್ತು. ಇದು ಕೇಳಿದ್ದು. ಎಲ್ಲಿ ಇಡೋದು ಅಂತ ಗೊತ್ತಾಗ್ತಿಲ್ಲ.

ಪ್ರಶ್ನೆ ಕೇಳಿದ್ದು ಚಂದ್ರಿಕಕ್ಕ, ನಾನು ಪಕ್ಕದಲ್ಲೇ ಕೂತಿದ್ದೆ.

"ಮೇಷ್ಟ್ರೇ, ಬಿಟ್ಟು ಬಂದೋರ ಹತ್ರ ಒಂದ್ಸಲ ಹೋಗಿ, ಒಂದು ಒಳ್ಳೇ ಮಾತು ಹೇಳಿಸ್ಕೊಂಡು ಬಂದ್ರೆ ಏನು ತಪ್ಪು?"

ಚಂದ್ರಿಕಕ್ಕ ನಮ್ಮೂರಲ್ಲಿ ಹೊಸದಾಗಿ ಕಂಪ್ಯೂಟರ್ ಕ್ಲಾಸ್ ಶುರು ಮಾಡಿದೋರು. ಅದಕ್ಕೆ ಮುಂಚೆ ಅನಸೂಯ ಮೇಡಂ ಅವರ ಕ್ಲಾಸಲ್ಲಿ ಪಾಠ ಹೇಳ್ತಿದ್ರು. ಅಲ್ಲೇ ಕಲಿತೋರು, ಅಲ್ಲೇ ಬೆಳೆದೋರು. ಒಂದಿನ ಮೇಡಂಗೆ ಒಂದು ಮಾತೂ ಹೇಳದೆ ಬಿಟ್ಟು ಬಂದು, ಪಕ್ಕದ ಬೀದೀಲೇ ತಮ್ಮದು ಅಂತ ತೆಗೆದ್ರು. ಕುರ್ಚಿ ಹೊಸದು, ಕಂಪ್ಯೂಟರ್ ಹೊಸದು. ಸೇರಿದೋಳು ಮಾತ್ರ ನಾನೊಬ್ಬಳೇ. ವಿಚಾರಿಸೋಕೆ ಬಂದ ತಾಯ್ತಂದೆಯರೆಲ್ಲ ಒಂದೇ ಮಾತು ಕೇಳೋರು. "ಇದು ಅನಸೂಯ ಮೇಡಂಗೆ ಗೊತ್ತಾ?" ಚಂದ್ರಿಕಕ್ಕ ನಕ್ಕು ಮಾತು ಬದಲಾಯಿಸೋರು. ಬಂದೋರು ಆಮೇಲೆ ಬರ್ತಿರ್ಲಿಲ್ಲ. ಹೀಗೇ ಆದ್ರೆ ಕ್ಲಾಸ್ ಮುಚ್ಚೋದೇ ಗತಿ ಅಂತ ಆಗಿತ್ತು. ಮೇಡಂ ಒಂದು ಮಾತು ಹೇಳಿಬಿಟ್ರೆ, ನಮ್ಮ ಹುಡುಗೀನೇ, ಚೆನ್ನಾಗಿ ಕಲಿಸ್ತಾಳೆ ಅಂದುಬಿಟ್ರೆ, ಊರು ಒಪ್ಕೊಳ್ಳುತ್ತೆ ಅಂತ ಅವರಿಗೆ ಅನ್ನಿಸಿತ್ತು. ಕೇಳೋಕೆ ಹೋಗ್ಲಾ ಬೇಡ್ವಾ ಅನ್ನೋದೇ ಅವರ ತಲೇಲಿ ಓಡ್ತಿತ್ತು.

ಫಕ್ರುದ್ದೀನ್ ಮೇಷ್ಟ್ರು ಅವರಿಗೆ ಕಂಪ್ಯೂಟರ್ ರಿಪೇರಿ ಕೆಲಸ ಕಲಿಸಿದೋರು. ವಯಸ್ಸಾಗಿದೆ. ಮಾತು ಕೇಳಿದ ತಕ್ಷಣ ಉತ್ತರ ಕೊಡೋರಲ್ಲ. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ರು.

"ಹೋಗಿ ಏನಂತ ಕೇಳ್ತೀಯಮ್ಮ?"

"ಒಂದೇ ಒಂದು ಮಾತು ಮೇಷ್ಟ್ರೇ. ನಾಲ್ಕು ಜನದ ಮುಂದೆ ಅಂದ್ರೆ ಸಾಕು. ಆಮೇಲೆ ಅವರಿಗೆ ತೊಂದ್ರೆ ಕೊಡಲ್ಲ, ಅವರ ದಾರಿ ಅವರಿಗೆ, ನನ್ನ ದಾರಿ ನನಗೆ."

ಮೇಷ್ಟ್ರು ಕನ್ನಡಕ ಎತ್ತಿ ಒರೆಸಿ ಮತ್ತೆ ಇಟ್ರು. ಆಮೇಲೆ ಈ ಕತೆ ಹೇಳಿದ್ರು.

ಒಂದೂರಲ್ಲಿ ಒಬ್ಬ ಪ್ರೆಸ್ಸಿನವನಿದ್ದ. ಲಗ್ನಪತ್ರಿಕೆ ಅಚ್ಚು ಹಾಕೋದು ಅವನ ಕೆಲಸ. ಅವನಿಗೊಬ್ಬ ಗೆಳೆಯ. ಇಬ್ಬರೂ ಸೇರಿ ಅಂಗಡಿ ಇಟ್ಟಿದ್ರು. ಇಬ್ಬರೂ ಒಟ್ಟಿಗೆ ಹೋಗಿ ಒಂದೇ ತರದ ಎರಡು ಕಂಪ್ಯೂಟರ್ ತಂದಿದ್ರು. ಒಂದೇ ಮೇಜು, ಆ ಕಡೆ ಒಬ್ಬ, ಈ ಕಡೆ ಒಬ್ಬ.

ವರ್ಷಗಳು ಹೋದ್ವು. ಕಂಪ್ಯೂಟರ್ ನಿಧಾನ ಆಯ್ತು. ಒಂದು ಫೋಟೋ ತೆರೆಯೋಷ್ಟ್ರಲ್ಲಿ ಒಂದು ಲೋಟ ಕಾಫಿ ಮುಗೀತಿತ್ತು. ಪ್ರೆಸ್ಸಿನವನಿಗೆ ತಾಳ್ಮೆ ಇರ್ಲಿಲ್ಲ. ಬದಲಾಯಿಸೋಣ ಅಂದ. ಗೆಳೆಯ, ನಿಧಾನ ಆದ್ರೂ ನಡೀತಿದೆಯಲ್ಲ, ಯಾಕೆ ಕೆದಕೋದು ಅಂದ.

"ನಿನ್ನ ಜೊತೆ ಇದ್ರೆ ನಾನೂ ಹೀಗೇ ಆಗ್ಬಿಡ್ತೀನಿ ಮಾರಾಯ" ಅಂದ ಪ್ರೆಸ್ಸಿನವನು.

ಗೆಳೆಯ ತನ್ನ ಕಂಪ್ಯೂಟರ್ ವೈರು ಕಿತ್ತ, ಆಟೋ ಕರೆಸಿದ. ಅದನ್ನ ಆಟೋಗೆ ಏರಿಸೋವಾಗ ಪ್ರೆಸ್ಸಿನವನು ಒಂದು ಕೈ ಹಿಡೀಲಿಲ್ಲ. ಒಳಗೆ ಕೂತು ಯಾವುದೋ ಪತ್ರಿಕೆ ತಿದ್ದುತಾ ಇದ್ದ.

ಮೇಜು ಪೂರ್ತಿ ಅವನದಾಯ್ತು. ಅವನು ಪೇಟೆಯಿಂದ ಹೊಸ ಪ್ರೊಸೆಸರ್ ತರಿಸಿದ. ಪ್ರೊಸೆಸರ್ ಅಂದ್ರೆ ಕಂಪ್ಯೂಟರಿನ ತಲೆ. ನೋಡೋಕೆ ಒಂದು ಬಿಸ್ಕತ್ತಿನಷ್ಟು. ಅದು ಹೋಗಿ ಕೂರೋ ಜಾಗ ಮದರ್‌ಬೋರ್ಡ್. ಪ್ರೆಸ್ಸಿನವನು ಬೋರ್ಡು ಅದನ್ನೇ ಇಟ್ಕೊಂಡು ತಲೆ ಮಾತ್ರ ಬದಲಾಯಿಸಿದ. ಹಳೇದನ್ನ ಕಿತ್ತ, ಬಿಸಿ ಇಳಿಸೋಕೆ ಹಚ್ಚಿದ್ದ ಪೇಸ್ಟ್ ಬಟ್ಟೇಲಿ ಒರೆಸಿದ, ಹೊಸದನ್ನ ಕೂರಿಸಿದ. ಅಳತೆಗೆ ಮಾಡಿಸಿದ ಹಾಗೆ ಕೂತ್ಕೊಳ್ತು. ಅವನಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಆ ಖುಷೀಲೇ ಹಳೇ ಪ್ರೊಸೆಸರ್‌ನ ಮೂಲೆಗೆ ಡ್ರಿಲ್ ಇಟ್ಟು ತೂತು ಮಾಡಿದ. ಅಂಗಡಿ ಬೀಗದ ಕೈಗೆ ಕೀಚೈನ್ ಮಾಡ್ಕೊಂಡ. ಆ ಕಸುಬಿನವರಲ್ಲಿ ಸುಮಾರು ಜನ ಹಾಗೆ ಮಾಡ್ತಾರೆ. ನೋಡೋಕೆ ಚೆನ್ನಾಗಿರುತ್ತೆ.

ಆಮೇಲೆ ಸ್ವಿಚ್ ಹಾಕಿದ.

ಫ್ಯಾನ್ ತಿರುಗ್ತು. ದೀಪ ಹತ್ತಿತು. ಪರದೆ ಮಾತ್ರ ಕಪ್ಪು.

ಆರಿಸಿ ಮತ್ತೆ ಹಾಕಿದ. ಫ್ಯಾನ್ ತಿರುಗ್ತು. ಪರದೆ ಕಪ್ಪು.

ರ‍್ಯಾಮ್ ಕಿತ್ತು ರಬ್ಬರಲ್ಲಿ ಉಜ್ಜಿ ಹಾಕಿದ. ಏಳ್ಲಿಲ್ಲ. ಬೋರ್ಡ್ ಮೇಲಿದ್ದ ನಾಣ್ಯದಂಥ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದ. ಏಳ್ಲಿಲ್ಲ. ಕರೆಂಟಿನ ಡಬ್ಬಿ ಬದಲಾಯಿಸಿದ. ಪಕ್ಕದ ಅಂಗಡಿಯ ಪರದೆ ತಂದು ಹಾಕಿದ. ಪ್ರೊಸೆಸರ್‌ನೇ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಉಫ್ ಅಂತ ಊದಿ ಮತ್ತೆ ಕೂರಿಸಿದ. ಸ್ಕ್ರೂ ಬಿಚ್ಚೋದು, ಹಾಕೋದು, ಬಿಚ್ಚೋದು. ಮೊದಲೆಲ್ಲ ಪ್ರತಿ ಸಲ ಕಂಪ್ಯೂಟರ್ ಪಕ್ಕದ ತಗಡು ಮುಚ್ಚಿ ಸ್ವಿಚ್ ಹಾಕ್ತಿದ್ದ. ಆಮೇಲೆ ತಗಡು ಮುಚ್ಚೋದನ್ನ ಬಿಟ್ಟ. ಆಮೇಲೆ ಸ್ಕ್ರೂ ಹಾಕೋದನ್ನೂ ಬಿಟ್ಟ. ಕೊನೆಗೆ ಸ್ವಿಚ್ ಹಾಕಿ ಪರದೆ ಕಡೆ ನೋಡೋದನ್ನೇ ಬಿಟ್ಟ. ಫ್ಯಾನಿನ ಸದ್ದು ಕೇಳ್ತಾ ಕೂತಿರ್ತಿದ್ದ.

ಅಷ್ಟ್ರಲ್ಲಿ ಒಬ್ಬ ಹೆಣ್ಣಿನ ತಂದೆ ಬಂದ. ಲಗ್ನಪತ್ರಿಕೆ ಕೊಡ್ತೀನಿ ಅಂದ ದಿನ ದಾಟಿತ್ತು. ಅವನು ಬೆಂಚಿನ ಮೇಲೆ ಕೂತ್ಕೊಂಡ.

"ಏನಪ್ಪಾ, ನಮ್ಮ ಪತ್ರಿಕೆ ಮದುವೆಗೆ ಕೊಡ್ತೀಯೋ, ಇಲ್ಲ ಮೊಮ್ಮಗೂನ ನಾಮಕರಣಕ್ಕೆ ಕೊಡ್ತೀಯೋ?"

ಪ್ರೆಸ್ಸಿನವನು ನಗೋಕೆ ಹೋದ. ನಗು ಬರ್ಲಿಲ್ಲ. ಪತ್ರಿಕೆ ಕೊಡ್ಲಿಲ್ಲ ಅಂದ್ರೆ ಆ ಸೀಮೇಲಿ ಇನ್ನು ಯಾರೂ ಅವನ ಅಂಗಡಿ ಮೆಟ್ಟಿಲು ಹತ್ತಲ್ಲ ಅಂತ ಅವನಿಗೆ ಗೊತ್ತಿತ್ತು.

ಪ್ರೊಸೆಸರ್ ಮಾರಿದೋನಿಗೆ ಫೋನ್ ಮಾಡಿದ.

"ನೀನು ಕೊಟ್ಟಿರೋದು ಕೆಟ್ಟ ಮಾಲು."

"ಕೆಟ್ಟಿಲ್ಲ ಸ್ವಾಮಿ" ಅಂದ ಅವನು. "ಯಾವ ಬೋರ್ಡು ನಿಮ್ಮದು? ಹೆಸರು ಓದಿ."

ಪ್ರೆಸ್ಸಿನವನು ಬಗ್ಗಿ ಓದಿದ.

"ಅದಾ. ಅದು ಹಳೇ ಬೋರ್ಡು. ಈ ಪ್ರೊಸೆಸರ್ ಹುಟ್ಟೋಕೆ ಮುಂಚೆ ಮಾಡಿದ್ದು. ಒಳಗೆ ಅದಕ್ಕೊಂದು ನೆನಪು ಇರುತ್ತೆ, ಯಾರ್ಯಾರು ಬಂದು ಕೂರಬಹುದು ಅಂತ. ಅದರಲ್ಲಿ ಇದರ ಹೆಸರಿಲ್ಲ. ಬಂದು ಕೂತಿರೋದು ಯಾರು ಅಂತ ಗೊತ್ತಾಗದೆ ಸುಮ್ಮನೆ ಇದೆ ಅಷ್ಟೆ."

"ಬೋರ್ಡಿಗೆ ಇದು ಕೂರುತ್ತಾ ಅಂತ ನಿನ್ನ ಕೇಳಿದ್ನಲ್ಲಯ್ಯ!"

"ಕೂರುತ್ತಾ ಅಂತ ಕೇಳಿದ್ರಿ, ಕೂರುತ್ತೆ ಅಂದೆ. ಕೂತಿಲ್ವಾ? ಗುರುತು ಹಿಡಿಯುತ್ತಾ ಅಂತ ನೀವು ಕೇಳ್ಲಿಲ್ಲ."

ಪ್ರೆಸ್ಸಿನವನಿಗೆ ಜಗಳ ಆಡೋಷ್ಟು ಶಕ್ತಿ ಉಳಿದಿರ್ಲಿಲ್ಲ. "ಈಗೇನು ಮಾಡ್ಲಿ ಹೇಳು" ಅಂದ.

"ಬೋರ್ಡಿಗೆ ಹೊಸ ಹೆಸರು ಹೇಳಿಕೊಡ್ಬೇಕು. ಹೇಳಿಕೊಡೋಕೆ ಅದು ಎದ್ದಿರ್ಬೇಕು. ಎದ್ದಿರ್ಬೇಕು ಅಂದ್ರೆ ಅದಕ್ಕೆ ಗೊತ್ತಿರೋ ತಲೇನೇ ಬೇಕು. ಹಳೇ ಪ್ರೊಸೆಸರ್‌ನ ಮತ್ತೆ ಕೂರಿಸಿ. ಕಂಪ್ಯೂಟರ್ ಏಳುತ್ತೆ. ಆಗ ಹೊಸದರ ಹೆಸರು ಸೇರಿಸಿ. ಅರ್ಧ ಗಂಟೆ ಕೆಲಸ. ಆಮೇಲೆ ಹಳೇದನ್ನ ಕಿತ್ತು ಬಿಸಾಕಿ, ಯಾರು ಬೇಡ ಅಂತಾರೆ."

ಪ್ರೆಸ್ಸಿನವನು ಬೀಗದ ಕೈ ಗೊಂಚಲು ನೋಡಿದ. ಹಳೇ ಪ್ರೊಸೆಸರ್‌ನ ತೂತಿನ ಒಳಗಿಂದ ಮೇಜು ಕಾಣ್ತಿತ್ತು.

"ಹಳೇದು ಇಲ್ಲ" ಅಂದ.

"ಹಾಗಾದ್ರೆ ಬೋರ್ಡೇ ಬೇರೆ ತರಿಸ್ಬೇಕು. ಅದು ಬರೋಷ್ಟ್ರಲ್ಲಿ ಈ ವರ್ಷದ ಮದುವೆಗಳೆಲ್ಲ ಮುಗಿದಿರುತ್ವೆ. ಇಲ್ಲಾ, ಅದೇ ತರದ್ದು ಯಾರ ಹತ್ರನಾದ್ರೂ ಇದ್ರೆ ಕೇಳಿ ಇಸ್ಕೊಳ್ಳಿ. ಅರ್ಧ ಗಂಟೆ ತಾನೆ, ಯಾರು ಇಲ್ಲ ಅಂತಾರೆ?"

ಅದೇ ತರದ್ದು ಆ ಊರಲ್ಲಿ ಒಬ್ಬನ ಹತ್ರ ಮಾತ್ರ ಇತ್ತು.

ಪ್ರೆಸ್ಸಿನವನು ಹೊರಟ. ದಾರಿ ದೊಡ್ಡದೇನಲ್ಲ, ಆದ್ರೂ ಕಾಲು ಎಳೀತಿತ್ತು. ನಡೀತಾ ನಡೀತಾ ಏನು ಮಾತಾಡೋದು ಅಂತ ಜೋಡಿಸ್ಕೊಂಡ. ಅವತ್ತು ಆಟೋ ಹತ್ರ ಬರದೆ ಇದ್ದಿದ್ದು ತಪ್ಪಾಯ್ತು ಅನ್ನೋಣ ಅಂದ್ಕೊಂಡ. ಹಾಗಂದ್ರೆ ಮಾತು ಬೆಳೆಯುತ್ತೆ, ಹೆಣ್ಣಿನ ತಂದೆ ಕಾಯ್ತಿದ್ದಾನೆ, ಅದು ಇನ್ನೊಂದಿನ ಆಗ್ಲಿ ಅಂದ್ಕೊಂಡ. ನೀನು ಹೇಗಿದ್ದೀಯ ಅಂತ ಮೊದಲು ಕೇಳೋಣ ಅಂದ್ಕೊಂಡ. ಅದೂ ನಾಟಕ ಅನ್ನಿಸುತ್ತೇನೋ, ನೇರವಾಗಿ ಕೇಳೋದೇ ವಾಸಿ ಅಂದ್ಕೊಂಡ. ಹೀಗೆ ಒಂದೊಂದೇ ಮಾತು ಬಿಡ್ತಾ ಬಿಡ್ತಾ ಗೆಳೆಯನ ಮನೆ ಮುಟ್ಟೋಷ್ಟ್ರಲ್ಲಿ ಅವನ ಹತ್ರ ಒಂದೇ ಮಾತು ಉಳಿದಿತ್ತು.

ಇಲ್ಲಿಗೆ ಬಂದಾಗ ಚಂದ್ರಿಕಕ್ಕ ಕುರ್ಚೀಲಿ ಮುಂದಕ್ಕೆ ಸರಿದ್ರು. ಮೇಷ್ಟ್ರು ಅವರ ಕಡೆ ನೋಡ್ಲಿಲ್ಲ.

ಬಾಗಿಲು ಹಾಕಿತ್ತು. ಕಿಟಕಿ ತೆರೆದಿತ್ತು. ಒಳಗೆ ಯಾರೋ ಕೀಬೋರ್ಡ್ ಕುಟ್ತಿದ್ದ ಸದ್ದು. ನಿಧಾನವಾಗಿ, ನಿಲ್ಲದೆ. ಆ ಸದ್ದು ಅವನಿಗೆ ಗುರುತಿತ್ತು. ಅದರ ಎದುರಿಗೇ ಕೂತು ವರ್ಷಗಟ್ಟಲೆ ಕೆಲಸ ಮಾಡಿದ್ದ.

ಬಾಗಿಲು ತಟ್ಟಿದ.

"ನಾನು ಕಣೋ" ಅಂದ.

ಒಳಗೆ ಸದ್ದು ನಿಂತಿತು. ಕುರ್ಚಿ ಹಿಂದಕ್ಕೆ ಜರುಗಿದ ಹಾಗಾಯ್ತು. ಹೆಜ್ಜೆ ಬಾಗಿಲ ತನಕ ಬಂತು. ಪ್ರೆಸ್ಸಿನವನಿಗೆ ಜೀವ ಬಂದ ಹಾಗಾಯ್ತು. ಬಾಗಿಲು ತೆಗೆಯೋಕೆ ಮುಂಚೇನೇ ಹೇಳಿಬಿಟ್ಟ.

"ನಿನ್ನ ಪ್ರೊಸೆಸರ್ ಬೇಕಿತ್ತು. ಅರ್ಧ ಗಂಟೆಗೆ ಮಾತ್ರ. ಕೂರಿಸಿ ತಕ್ಷಣ ಕಿತ್ತು ವಾಪಸ್ ಕೊಟ್ಬಿಡ್ತೀನಿ. ಆಮೇಲೆ ನಿನಗೆ ತೊಂದ್ರೆ ಕೊಡಲ್ಲ."

ಚಿಲಕದ ಮೇಲೆ ಕೈ ಇಟ್ಟ ಸದ್ದು ಕೇಳಿತ್ತು. ಆ ಕೈ ಅಲ್ಲೇ ನಿಂತಿತು. ಆಮೇಲೆ ಹೆಜ್ಜೆ ಹಿಂದಕ್ಕೆ ಹೋಯ್ತು.

ಪ್ರೆಸ್ಸಿನವನು ಮತ್ತೆ ತಟ್ಟಿದ. ಹೆಸರು ಹಿಡಿದು ಕರೆದ. ಹತ್ತು ನಿಮಿಷ ಸಾಕು ಅಂದ. ಬೇಕಾದ್ರೆ ನೀನೇ ಬಂದು ಪಕ್ಕದಲ್ಲಿ ನಿಂತ್ಕೋ ಅಂದ. ಪಕ್ಕದ ಮನೆಯವಳು ಹೊರಗೆ ಬಂದು ನೋಡಿ, ಒಳಗೆ ಹೋದ್ಲು. ಅವನು ಬಾಗಿಲಿಗೆ ಹಣೆ ಒರಗಿಸ್ಕೊಂಡು ನಿಂತ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದ್ರು.

"ತೆಗೆದ್ನಾ ಮೇಷ್ಟ್ರೇ?" ಅಂದ್ರು ಚಂದ್ರಿಕಕ್ಕ. "ಅಷ್ಟು ಕೇಳ್ಕೊಂಡ ಮೇಲೆ ತೆಗೆದಿರ್ತಾನೆ ಅಲ್ವಾ?"

"ಮತ್ತೆ ಯಾವಾಗ ಕೀಳ್ತೀನಿ ಅಂತ ಮೊದಲೇ ಹೇಳಿ ಕರೆದ್ರೆ, ಯಾರು ಬಾಗಿಲು ತೆಗೀತಾರಮ್ಮ?"