ಹೆಪ್ಪಿನ ಬಟ್ಟಲು

"ಗುರುಗಳೇ, ಬಾಗಿಲಿಗೇ ಬಂದು, ಕೈ ಮುಗಿದು, ಪುಕ್ಕಟೆಯಾಗಿ ಕೊಡುತ್ತೇವೆ ಎನ್ನುವವರಿಗೆ ಬೇಡ ಎನ್ನಬೇಕೇಕೆ?"

ಕೇಳಿದವಳು ವಾರಿಜಾ. ಮಠದ ಶಾಲೆಯ ಹನ್ನೊಂದು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಶಿಷ್ಯೆ. ಆ ಕಂಪ್ಯೂಟರುಗಳಲ್ಲಿ ಇದ್ದದ್ದು ಮುಕ್ತ ತಂತ್ರಾಂಶ. ಅದನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು, ಕೇಳಿದವರಿಗೆ ನಕಲು ಮಾಡಿ ಕೊಡಬಹುದು. ಹೋದ ವಾರವಷ್ಟೇ ಪಕ್ಕದೂರಿನ ಶಾಲೆಯ ಟೀಚರೊಬ್ಬರು ಪೆನ್‌ಡ್ರೈವ್ ಹಿಡಿದುಕೊಂಡು ಬಂದಿದ್ದರು. ವಾರಿಜಾ ಅದಕ್ಕೆ ಎಲ್ಲವನ್ನೂ ತುಂಬಿ ಕೊಟ್ಟು, ಮೇಲೆ ಒಂದು ಲೋಟ ಪಾನಕವನ್ನೂ ಕೊಟ್ಟು ಕಳಿಸಿದ್ದಳು.

ಈ ದಿನ ಬಂದವನು ದೊಡ್ಡ ಕಂಪನಿಯೊಂದರ ಪ್ರತಿನಿಧಿ. ಹನ್ನೊಂದಕ್ಕೂ ನಮ್ಮ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇವೆ, ಎರಡು ವರ್ಷ ಏನೂ ಕೊಡಬೇಕಾಗಿಲ್ಲ ಎಂದು ಹೇಳಿದ್ದ. ಸಹಿಗೆಂದು ಒಂದು ಕಾಗದವನ್ನು ವಾರಿಜಾಳ ಕೈಗಿಟ್ಟು, ಜಗಲಿಯಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದ.

"ಅವರದು ನೋಡಲಿಕ್ಕೆ ಚೆನ್ನಾಗಿದೆ. ಕೆಲಸವೂ ಸಲೀಸು. ನಮ್ಮದರಲ್ಲಿ ಪ್ರಿಂಟರ್ ಒಂದು ದಿನ ಮಾತು ಕೇಳಿದರೆ ಎರಡು ದಿನ ಮುನಿಸಿಕೊಳ್ಳುತ್ತದೆ. ಆತನೂ ಒಳ್ಳೆಯವನೇ ಗುರುಗಳೇ. ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡ."

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. "ಹಾಗಾದರೆ ನಮಗೆ ಹೊತ್ತಿದೆ. ಕೂತುಕೋ, ನೀನೂ ಸುಲಿ" ಎಂದು ಮೊರವನ್ನು ಅವಳ ಕಡೆಗೆ ಸರಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಅಲ್ಲಿ ಪ್ರತಿ ಮನೆಯಲ್ಲೂ ಒಂದು ಹೆಪ್ಪಿನ ಬಟ್ಟಲು ಇತ್ತು. ಇವತ್ತಿನ ಮೊಸರಿನಲ್ಲಿ ಒಂದು ಚಮಚ ಎತ್ತಿಟ್ಟರೆ ನಾಳೆಯ ಹಾಲಿಗೆ ಅದೇ ಹೆಪ್ಪು. ಯಾರ ಮನೆಯ ಹೆಪ್ಪಾದರೂ ಕೆಟ್ಟರೆ, ಬೆಕ್ಕು ಬಾಯಿ ಹಾಕಿದರೆ, ಪಕ್ಕದ ಮನೆಗೆ ಹೋಗಿ ಕೇಳುತ್ತಿದ್ದರು. ಕೇಳಿದವರಿಗೆ ಇಲ್ಲ ಎಂದವರಿಲ್ಲ. ಒಂದು ಚಮಚ ಕೊಟ್ಟರೆ ಕೊಟ್ಟವರ ಮೊಸರೇನೂ ಕಡಿಮೆಯಾಗುತ್ತಿರಲಿಲ್ಲ. ಪಡೆದವರ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಕುಡಿಕೆ ಮೊಸರು ಆಗಿರುತ್ತಿತ್ತು. ಹೆಪ್ಪು ಒಂದೇ ಆದರೂ ರುಚಿ ಒಂದೇ ಇರಲಿಲ್ಲ. ಒಬ್ಬಳು ಹಾಲನ್ನು ಹೆಚ್ಚು ಕಾಯಿಸುತ್ತಿದ್ದಳು, ಇನ್ನೊಬ್ಬಳು ಕಲ್ಲಿನ ಮರಿಗೆಯಲ್ಲಿ ಹಾಕುತ್ತಿದ್ದಳು. ಅವರವರ ಮನೆಯ ಮೊಸರು ಅವರವರಿಗೆ ಹೆಚ್ಚು.

ಇದ್ದ ಕಟ್ಟುಪಾಡು ಒಂದೇ. ಸಂಜೆ ದೀಪ ಹಚ್ಚಿದ ಮೇಲೆ ಮೊಸರು ಹೊಸ್ತಿಲು ದಾಟಬಾರದು. ಹಾಗಾಗಿ ಹೊತ್ತು ಇಳಿಯುವಾಗ ಬಟ್ಟಲು ಹಿಡಿದ ಹೆಂಗಸರು ಬೀದಿಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು.

ಆ ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಅವಳ ಮನೆಯ ಮೊಸರು ಊರಿಗೆಲ್ಲ ಹೆಸರಾಗಿತ್ತು. ಅವಳ ಅತ್ತೆಯ ಕಾಲದಿಂದ ಬಂದ ಹೆಪ್ಪು. ಒಂದು ಸಂಜೆ, ಹಳ್ಳದಾಚೆಯ ಕೇರಿಯಲ್ಲಿ ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ಬಂದು ಹಿತ್ತಲ ಬಾಗಿಲಲ್ಲಿ ನಿಂತಳು.

"ಅವ್ವಾ, ಹೊಸದಾಗಿ ಹಸು ಕಟ್ಟಿದ್ದೀನಿ. ಒಂದಿಷ್ಟು ಹೆಪ್ಪು ಕೊಟ್ಟೀರಾ?"

ಗೃಹಿಣಿ ಎಲೆಯ ದೊನ್ನೆಯಲ್ಲಿ ಎರಡು ಚಮಚ ಹಾಕಿ ಕೊಟ್ಟಳು. ಕೊಟ್ಟದ್ದನ್ನು ಮರೆತಳು.

ಸ್ವಲ್ಪ ಕಾಲದ ಮೇಲೆ ಪಟ್ಟಣದಿಂದ ಒಬ್ಬ ವ್ಯಾಪಾರಿ ಬಂದ. ಅವನ ಗಾಡಿಯ ತುಂಬ ಮೊಸರಿನ ಗಡಿಗೆಗಳು. ಬಾಯಿಗೆ ಬಟ್ಟೆ ಕಟ್ಟಿ ಅರಗಿನ ಮೊಹರು ಒತ್ತಿತ್ತು. ಮೊದಲ ತಿಂಗಳು ಸುಮ್ಮನೆ ಕೊಟ್ಟ.

ಅವನ ಮೊಸರು ನಿಜಕ್ಕೂ ಚೆನ್ನಾಗಿತ್ತು. ಅದನ್ನು ಇಲ್ಲ ಎನ್ನಬಾರದು. ಚಳಿಗೆ ಹೆಪ್ಪಾಗಲಿಲ್ಲ, ಸೆಕೆಗೆ ಹುಳಿಯಾಯಿತು ಎಂಬ ರಗಳೆ ಇಲ್ಲ. ಗಡಿಗೆ ಒಡೆಯದಂತೆ ಇಟ್ಟುಕೊಂಡರೆ ಸಾಕು. ಶರತ್ತು ಎರಡೇ ಇದ್ದವು. ಗಡಿಗೆಯ ಮೊಸರನ್ನು ನೆರೆಮನೆಗೆ ಕೊಡಬಾರದು. ಅದರಿಂದ ಹಾಲಿಗೆ ಹೆಪ್ಪು ಹಾಕಬಾರದು. ಹಾಕಿದರೂ ಪ್ರಯೋಜನವಿರಲಿಲ್ಲ. ಹಾಲು ಒಡೆದುಹೋಗುವಂತೆ ಅದಕ್ಕೆ ಏನನ್ನೋ ಬೆರೆಸಿದ್ದರು.

"ಆ ಹೆಪ್ಪಿನ ಬಟ್ಟಲು ಇನ್ನು ಯಾಕೆ ತಾಯಿ? ತೊಳೆದಿಡಿ" ಎಂದ ವ್ಯಾಪಾರಿ.

ಗೃಹಿಣಿ ತೊಳೆದಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ತೊಳೆದಿಟ್ಟರು. ಯಾರಿಗೂ ಬೇಸರವಾಗಲಿಲ್ಲ. ಸಂಜೆಯ ಹೊತ್ತು ಬೀದಿಯಲ್ಲಿ ಡಿಕ್ಕಿ ಹೊಡೆಯುವವರು ಇಲ್ಲವಾದರು, ಅಷ್ಟೇ. ಹಳ್ಳದಾಚೆಯ ಕೇರಿಯಲ್ಲಿ ಇದ್ದದ್ದು ಏಳು ಮನೆ. ಏಳು ಮನೆಗಾಗಿ ಹಳ್ಳ ದಾಟುವುದೇಕೆ ಎಂದು ವ್ಯಾಪಾರಿಯ ಗಾಡಿ ಅಲ್ಲಿಗೆ ಹೋಗಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಒಂದು ಸೋಮವಾರ ಬೆಳಗ್ಗೆ ಊರಿನವರು ಮೊಹರು ಒಡೆದು ನೋಡಿದರೆ, ಎಲ್ಲರ ಗಡಿಗೆಯಲ್ಲೂ ಮೊಸರು ಸಿಹಿಯಾಗಿತ್ತು. ತೆಳು ಹಳದಿ ಬಣ್ಣ. ಮೇಲೆ ಏಲಕ್ಕಿ.

ಆ ದಿನ ಊರಿನಲ್ಲಿ ಯಾರಿಗೂ ಸರಿಯಾದ ಊಟವಾಗಲಿಲ್ಲ. ಮಜ್ಜಿಗೆಹುಳಿ ಪಾಯಸವಾಯಿತು. ಒಗ್ಗರಣೆ ಹಾಕಿದ ಮಜ್ಜಿಗೆಯಲ್ಲಿ ಇಂಗಿಗೂ ಏಲಕ್ಕಿಗೂ ಜಗಳ ಹತ್ತಿತು. ಊರಿನ ಪಟೇಲರು ಮೊಸರನ್ನಕ್ಕೆ ಮಾವಿನ ಉಪ್ಪಿನಕಾಯಿ ನೆಂಚಿಕೊಂಡು ಒಂದು ತುತ್ತು ಬಾಯಿಗಿಟ್ಟರು. ಆಮೇಲೆ ಎಲೆ ಮಡಚಿ ಎದ್ದುಬಿಟ್ಟರು.

ಉಳಿದವರಿಗೆ ಇದು ನಗುವ ಮಾತು. ಗೃಹಿಣಿಗೆ ಮಾತ್ರ ಅಲ್ಲ. ಅವಳ ಮಗಳು ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬಂದ ದಿನದಿಂದ ಒಂದೇ ಕೇಳುತ್ತಿದ್ದಳು: "ಅಮ್ಮಾ, ನಮ್ಮನೆ ಮೊಸರು ಹಾಕಿ ಎರಡು ತುತ್ತು ಕಲಸಿಕೊಡು. ಅದೊಂದು ಸೇರಬಹುದು." ತಾಯಿ ಗಡಿಗೆಯ ಸಿಹಿ ಮೊಸರಿನಲ್ಲಿ ಕಲಸಿ ಕೊಟ್ಟಳು. ಮಗಳು ವಾಸನೆಗೇ ಎದ್ದು ಬಚ್ಚಲಿಗೆ ಓಡಿದಳು. ಎರಡು ದಿನವಾಯಿತು. ಮೂರನೆಯ ದಿನ ಅವಳಿಗೆ ಏಳಲಿಕ್ಕೂ ಶಕ್ತಿ ಇರಲಿಲ್ಲ.

ಗೃಹಿಣಿ ವ್ಯಾಪಾರಿಯ ಗಾಡಿಗೆ ಅಡ್ಡ ನಿಂತಳು.

"ಇದೇನಪ್ಪ ಇದು, ಮೊಸರೋ ಪ್ರಸಾದವೋ?"

"ಹೊಸದು ತಾಯಿ. ಮೊದಲಿನದಕ್ಕಿಂತ ಒಳ್ಳೆಯದು. ನಾಲ್ಕು ದಿನ ತಿಂದರೆ ನಾಲಿಗೆಗೆ ರೂಢಿಯಾಗುತ್ತದೆ."

"ನನ್ನ ನಾಲಿಗೆ ಹಾಳಾಗಲಿ. ಮಗಳ ಹೊಟ್ಟೆಯಲ್ಲಿರುವ ಕೂಸಿಗೆ ರೂಢಿ ಮಾಡಿಸುವವರು ಯಾರು? ಹಳೆಯದೇ ಒಂದು ಗಡಿಗೆ ಕೊಡು."

"ಹಳೆಯದು ನಿಂತುಹೋಯಿತು ತಾಯಿ."

"ಹಾಗಾದರೆ ಅದನ್ನು ಹೇಗೆ ಮಾಡುತ್ತಿದ್ದರು ಅಂತಲಾದರೂ ಹೇಳು. ನಾನೇ ಮಾಡಿಕೊಳ್ಳುತ್ತೇನೆ."

ವ್ಯಾಪಾರಿ ತಲೆ ಕೆರೆದುಕೊಂಡ. "ಅದು ನನಗೂ ಗೊತ್ತಿಲ್ಲ. ಗಡಿಗೆ ನನ್ನ ಕೈಗೆ ಬರುವುದೂ ಮೊಹರಾಗಿಯೇ."

ಗೃಹಿಣಿ ಮನೆಗೆ ಬಂದು, ಹೆಪ್ಪಿನ ಬದಲಿಗೆ ಬೆಚ್ಚಗಿನ ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿಟ್ಟಳು. ಬೆಳಗ್ಗೆ ಮೊಸರಿನ ಹಾಗೆ ಏನೋ ಆಗಿತ್ತು. ಮಗಳು ಒಂದು ತುತ್ತು ತಿಂದು, "ಚೆನ್ನಾಗಿದೆ ಅಮ್ಮಾ" ಎಂದು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಅದಕ್ಕಿಂತ ಅವಳು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ತಾಯಿಗೆ.

ಅವಳು ಬಟ್ಟಲು ಹಿಡಿದು ಮನೆಮನೆಗೆ ಹೋದಳು. ಒಂದು ಮನೆಯ ಹೆಪ್ಪಿನ ಬಟ್ಟಲಿನಲ್ಲಿ ಅಂಗಿಯ ಗುಂಡಿಗಳಿದ್ದವು. ಇನ್ನೊಂದು ಮನೆಯದರಲ್ಲಿ ದೀಪದ ಬತ್ತಿ. ಮತ್ತೊಂದು ಮನೆಯಲ್ಲಿ ಅದನ್ನು ಗಿಳಿಗೆ ನೀರಿಡಲು ಪಂಜರದೊಳಗೆ ಇಟ್ಟಿದ್ದರು. ಕೊನೆಯ ಮನೆಯವಳು ನಕ್ಕೇಬಿಟ್ಟಳು. "ನಮ್ಮನೆಯಲ್ಲಿ ಇದ್ದದ್ದೇ ನೀನು ಕೊಟ್ಟ ಹೆಪ್ಪು. ನನ್ನನ್ನು ಕೇಳೋದಕ್ಕೆ ಬಂದಿದ್ದೀಯಲ್ಲೇ!"

ಗೃಹಿಣಿ ಹಿಂತಿರುಗುವಾಗ ಎದುರಿಗೆ ಬುಟ್ಟಿ ಹೆಣೆಯುವವಳು ಬಂದಳು. ತಲೆಯ ಮೇಲೆ ಮೊರಗಳ ಹೊರೆ.

"ಯಾಕವ್ವಾ, ಖಾಲಿ ಬಟ್ಟಲು ಹಿಡಿದು ಊರು ಸುತ್ತುತ್ತಿದ್ದೀರಾ?"

"ಹೆಪ್ಪಿಗೆ ಬಂದೆ ಕಣೇ. ನಮ್ಮನೆಯದು ಹೋಯಿತು."

"ಎಲ್ಲಿಗೆ ಹೋಯಿತು? ನಮ್ಮನೆಯಲ್ಲೇ ಇದೆಯಲ್ಲ!"

ಗೃಹಿಣಿಗೆ ಅರ್ಥವಾಗಲಿಲ್ಲ. ಬುಟ್ಟಿ ಹೆಣೆಯುವವಳು ಹೊರೆಯನ್ನು ಕೆಳಗಿಳಿಸಿ ಹೇಳಿದಳು. ದೊನ್ನೆಯಲ್ಲಿ ಕೊಟ್ಟ ಆ ಎರಡು ಚಮಚವನ್ನು ಅವಳು ಒಂದು ದಿನವೂ ತಪ್ಪಿಸದೆ ನಡೆಸಿಕೊಂಡು ಬಂದಿದ್ದಳು. ಅವಳಿಂದ ಅದು ಏಳು ಮನೆಗೂ ಹೋಗಿತ್ತು. ಏಳು ಮನೆಯಿಂದ ಅವರ ನೆಂಟರ ಊರುಗಳಿಗೂ ಹೋಗಿತ್ತು. "ನಿಮ್ಮತ್ತೆಯವರ ಹೆಪ್ಪು ಈಗ ನಾಲ್ಕು ಊರಿಗೆ ಒಡತಿ, ಅವ್ವಾ. ದೀಪ ಹಚ್ಚೋದರೊಳಗೆ ಬನ್ನಿ, ಕೊಡ್ತೀನಿ."

ಮಗಳಿಗೆ ಗಂಜಿ ಕುಡಿಸಿ, ಅದು ನಿಲ್ಲದೆ, ಅವಳ ಮುಖ ತೊಳೆಸಿ ಹೊರಡುವಷ್ಟರಲ್ಲಿ ಗೃಹಿಣಿಗೆ ತಡವಾಯಿತು. ಸೆರಗು ಸಿಕ್ಕಿಸಿ ಹಳ್ಳ ದಾಟಿ ಓಡಿದಳು. ಸೂರ್ಯ ಮುಳುಗಿದ್ದ. ಗುಡಿಸಲಿನ ಬಾಗಿಲಲ್ಲಿ ಬುಟ್ಟಿ ಹೆಣೆಯುವವಳು ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಗೀರಿದ ಬೆಂಕಿಕಡ್ಡಿ ಹಿಡಿದು ನಿಂತಿದ್ದಳು. ಅವಳ ಅತ್ತೆ ಒಳಗಿನಿಂದ ದೀಪ ಹಚ್ಚು, ದೀಪ ಹಚ್ಚು ಎಂದು ಕೂಗುತ್ತಿದ್ದಳು.

"ಬೇಗ ಬಟ್ಟಲು ಹಿಡೀರಿ ಅವ್ವಾ! ಇದು ಮೂರನೇ ಕಡ್ಡಿ, ಬೆರಳು ಸುಡ್ತಿದೆ!"

ಮೊಸರು ಬಟ್ಟಲಿಗೆ ಬಿತ್ತು. ಆಮೇಲೆ ದೀಪ ಹತ್ತಿತು. ಕಟ್ಟುಪಾಡೂ ಉಳಿಯಿತು.

ಹೊರಡುವಾಗ ಬುಟ್ಟಿ ಹೆಣೆಯುವವಳು ಒಂದು ಮಾತು ಸೇರಿಸಿದಳು. "ನಮ್ಮ ಗುಡಿಸಲಿನಲ್ಲಿ ಸೆಕೆ ಜಾಸ್ತಿ. ನಾನು ಕುಡಿಕೆಯನ್ನು ಬಿದಿರಿನ ಬುಟ್ಟಿಯಲ್ಲಿಟ್ಟು ಸುತ್ತ ಒದ್ದೆ ಬಟ್ಟೆ ಸುತ್ತುತ್ತೀನಿ. ನೀವೂ ಮಾಡಿ ನೋಡಿ. ಬುಟ್ಟಿ ಇಲ್ಲಿದೆ, ತಗೊಂಡು ಹೋಗಿ."

ಮಾರನೆಯ ದಿನ ಮಗಳು ಒಂದು ತುತ್ತು ಬಾಯಿಗಿಟ್ಟಳು. ತಾಯಿ ನೋಡುತ್ತಿದ್ದಳು. ಎರಡನೆಯ ತುತ್ತು. ಮೂರನೆಯದು. ಮಗಳು ಬಚ್ಚಲ ಕಡೆಗೆ ನೋಡಲಿಲ್ಲ. ತಟ್ಟೆ ಬಳಿದು ಇನ್ನೊಮ್ಮೆ ಮುಂದೆ ಹಿಡಿದಳು.

"ನಮ್ಮನೆ ಮೊಸರೇ ಅಮ್ಮಾ. ಆದರೆ ಮೊದಲಿಗಿಂತ ಗಟ್ಟಿ. ಏನು ಮಾಡಿದೆ?"

"ನಾನೇನೂ ಮಾಡಲಿಲ್ಲ. ಯಾವತ್ತೋ ಕೊಟ್ಟಿದ್ದೆ, ಅದು ಕಲಿತುಕೊಂಡು ಬಂದಿದೆ" ಎಂದಳು ತಾಯಿ.

ಆ ವಾರದಲ್ಲೇ ಗುಂಡಿಗಳು ಡಬ್ಬಿಗೆ ಹೋದವು. ಗಿಳಿಗೆ ಬೇರೆ ಬಟ್ಟಲು ಸಿಕ್ಕಿತು. ಸಂಜೆ ಬೀದಿಯಲ್ಲಿ ಹೆಂಗಸರು ಮತ್ತೆ ಡಿಕ್ಕಿ ಹೊಡೆಯತೊಡಗಿದರು. ಊರಿನ ಅರ್ಧ ಮನೆಯಲ್ಲಿ ಕುಡಿಕೆಗಳು ಬಿದಿರಿನ ಬುಟ್ಟಿ ಏರಿದವು. ಅದನ್ನು ಕೇಳಿ ವ್ಯಾಪಾರಿ ಓಡಿಬಂದ.

"ತಾಯಿ, ನಾಳೆಯಿಂದ ಮತ್ತೆ ಹಳೆಯ ಮೊಸರೇ ಬರುತ್ತದೆ. ಪಟ್ಟಣದವರು ಒಪ್ಪಿದ್ದಾರೆ."

"ಬರಲಿ. ಮನೆಗೆ ನೆಂಟರು ಬಂದ ದಿನ ಒಂದು ಗಡಿಗೆ ನಿನ್ನದೇ ತೆಗೆದುಕೊಳ್ಳುತ್ತೇನೆ. ಬಟ್ಟಲು ಮಾತ್ರ ತೊಳೆಯುವುದಿಲ್ಲ" ಎಂದಳು ಗೃಹಿಣಿ.

ಗುರುಗಳು ಕತೆ ನಿಲ್ಲಿಸಿ ಮೊರವನ್ನು ಒಮ್ಮೆ ಕೇರಿದರು. ವಾರಿಜಾಳ ಕೈಯಲ್ಲಿ ಒಂದೇ ಅವರೆಕಾಯಿ ಬಹಳ ಹೊತ್ತಿನಿಂದ ಇತ್ತು.

"ಆದರೆ ಗುರುಗಳೇ, ಎಲ್ಲ ವ್ಯಾಪಾರಿಗಳೂ ಮೊಸರನ್ನು ಸಿಹಿ ಮಾಡುವುದಿಲ್ಲವಲ್ಲ."

"ಇಲ್ಲ. ಅವನೂ ಒಂದು ವರ್ಷ ಮಾಡಲಿಲ್ಲ."

ವಾರಿಜಾ ನಕ್ಕಳು. ಆದರೂ ಬಿಡಲಿಲ್ಲ. "ನಾವು ಎಚ್ಚರಿಕೆಯಿಂದ ಇದ್ದರಾಯಿತು. ನಮಗೆ ತೊಂದರೆಯಾದ ದಿನ ಇದಕ್ಕೇ ಹಿಂತಿರುಗಿದರಾಯಿತು. ನಮ್ಮ ಹನ್ನೊಂದು ಕಂಪ್ಯೂಟರಿನಿಂದ ಯಾರಿಗೆ ಏನು ನಷ್ಟ?"

ಜಗಲಿಯಿಂದ ಕೈ ತೊಳೆಯುವ ಸದ್ದು ಬಂತು. ಪ್ರತಿನಿಧಿ ಉಪ್ಪಿಟ್ಟು ಮುಗಿಸಿದ್ದ. ಗುರುಗಳು ಅವಳ ಮಡಿಲಲ್ಲಿದ್ದ ಕಾಗದವನ್ನು ತೋರಿಸಿ, ಏಳನೆಯ ಸಾಲನ್ನು ಓದು ಎಂದರು. ವಾರಿಜಾ ಓದಿದಳು. ಈ ತಂತ್ರಾಂಶವನ್ನು ಬೇರೆ ಯಾರಿಗೂ ನಕಲು ಮಾಡಿ ಕೊಡತಕ್ಕದ್ದಲ್ಲ ಎಂದು ಅಲ್ಲಿ ಬರೆದಿತ್ತು.

ಗುರುಗಳು ಇನ್ನೊಂದು ಅವರೆಕಾಯಿಯನ್ನು ಕೈಗೆತ್ತಿಕೊಂಡರು.

"ಪಕ್ಕದೂರಿನ ಟೀಚರು ಮತ್ತೆ ಪೆನ್‌ಡ್ರೈವ್ ಹಿಡಿದು ಬಂದರೆ, ನಡುಮಧ್ಯಾಹ್ನದಲ್ಲಿ ನಿಂತು, ದೀಪ ಹಚ್ಚಿಬಿಟ್ಟೆವು ಅನ್ನುತ್ತೀಯೇನು, ಮಗಳೇ?"