ಸೊನ್ನೆ ನಂಬರಿನ ಎಣ್ಣೆ

“ಗುರುಗಳೇ, ಮನಸ್ಸು ಗಟ್ಟಿಯಾಗಬೇಕಾದರೆ ಎಲ್ಲಕ್ಕಿಂತ ಒಳ್ಳೆಯ ಸಾಧನೆ ಯಾವುದು?”

ನಂಜುಂಡ ಈ ಪ್ರಶ್ನೆ ಕೇಳಿದ್ದು ನಿಂತುಕೊಂಡೇ. ಕೂರಲು ಅವನಿಂದ ಆಗುತ್ತಿರಲಿಲ್ಲ. ಆಶ್ರಮದ ಜಗಲಿಯ ಈ ತುದಿಯಿಂದ ಆ ತುದಿಗೆ ಬೆಳಗಿನಿಂದ ನಡೆದೇ ನಡೆದಿದ್ದ. ಕಾಲು ಸೋತಿತ್ತು, ಮನಸ್ಸು ಇನ್ನೂ ಓಡುತ್ತಲೇ ಇತ್ತು.

ಅವನ ಭಾವ ತೀರಿಕೊಂಡ ಸುದ್ದಿ ಕಾರ್ತಿಕದಲ್ಲಿ ಬಂದಿತ್ತು. ಈಗ ಧನುರ್ಮಾಸ. ತಾಯಿಯಿಲ್ಲದ ನಂಜುಂಡನಿಗೆ ಕೈತುತ್ತು ಕೊಟ್ಟು ಬೆಳೆಸಿದವಳು ಅಕ್ಕ ಗೌರಿ. ಆ ಅಕ್ಕನ ಗಂಡ ಹೋಗಿದ್ದಾನೆ, ತಮ್ಮ ಇನ್ನೂ ಅವಳ ಮುಖ ನೋಡಿಲ್ಲ. ಹೋಗಬಾರದೆಂದು ಏನಿಲ್ಲ. ಹೋದರೆ, ಅವಳು ಹೊಸಿಲಿಗೆ ಬಂದು ನಿಂತ ಕೂಡಲೇ ತಾನು ಅತ್ತುಬಿಡುತ್ತೇನೆಂಬ ಭಯ. ಆಶ್ರಮ ಸೇರಿದವನು, ನಾಲ್ಕು ಜನಕ್ಕೆ ಸಮಾಧಾನ ಹೇಳಬೇಕಾದವನು, ನೆಂಟರಿಷ್ಟರ ಮುಂದೆ ಹಾಗೆ ಅಳುವುದೇ? ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ, ಆಮೇಲೆ ಹೋಗುತ್ತೇನೆ ಎಂದುಕೊಂಡ. ಜಪ ಹಿಡಿದ. ಜಪದ ನಡುವೆ ಅಕ್ಕ ಬಂದು ಕೂತಳು. ಜಪ ಬಿಟ್ಟು ಒಪ್ಪೊತ್ತು ಊಟ ಹಿಡಿದ. ಹಸಿವಾದಾಗಲೆಲ್ಲ ಅವಳ ಕೈತುತ್ತೇ ನೆನಪಾಯಿತು. ಈಗ ಮೌನ ಹಿಡಿಯಲೇ, ಇಲ್ಲ ಬೆಟ್ಟದ ಗವಿಯಲ್ಲಿ ಒಂದು ಮಂಡಲ ಕೂರಲೇ ಎಂದು ಒದ್ದಾಡುತ್ತಿದ್ದ.

ಗುರುಗಳು ನಾಳೆಯ ಪೂಜೆಗೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಗಟ್ಟಿಯಾಗಬೇಕೇ? ಕೂತುಕೋ. ಒಬ್ಬ ಎಣ್ಣೆ ವ್ಯಾಪಾರಿಯ ಕತೆ ಹೇಳುತ್ತೇನೆ.”

ನಂಜುಂಡ ಕಂಬಕ್ಕೆ ಒರಗಿ ಅರೆಮನಸ್ಸಿನಿಂದ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಕೊಬ್ಬರಿ ಎಣ್ಣೆ ಬರಲಿ, ಎಳ್ಳೆಣ್ಣೆ ಬರಲಿ, ಹುಚ್ಚೆಳ್ಳೆಣ್ಣೆ ಬರಲಿ, ಅವನು ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದ. ಬೆರಳಿಗೆ ಹಿಡಿದು ನಿಂತರೆ “ಗಟ್ಟಿ ಎಣ್ಣೆ” ಎಂದು ತಲೆದೂಗುತ್ತಿದ್ದ. ಜಾರಿಹೋದರೆ “ಇದು ನೀರು” ಎಂದು ಡಬ್ಬವನ್ನೇ ವಾಪಸು ಕಳಿಸುತ್ತಿದ್ದ. ನೀರು ಎನ್ನುವುದಕ್ಕಿಂತ ದೊಡ್ಡ ಬೈಗುಳ ಅವನ ಬಾಯಲ್ಲಿ ಇರಲಿಲ್ಲ. ಆ ಎರಡು ಬೆರಳು ಅವನಿಗೆ ಅನ್ನ ಹಾಕಿದ್ದವು, ಹೆಸರನ್ನೂ ತಂದಿದ್ದವು.

ಅವನು ಜೀವಮಾನವೆಲ್ಲ ಮೊಪೆಡ್ಡಿನ ಮೇಲೆ ಡಬ್ಬ ಹೇರಿಕೊಂಡು ತಿರುಗಿದವನು. ಕೊನೆಗೊಂದು ದಿನ ಹೊಸ ಕಾರು ಕೊಂಡ. ತನಗೆಂದು ಅವನು ಕೊಂಡ ಮೊದಲನೇ ವಸ್ತು ಅದು. ಹೆಂಡತಿಯ ಸೆರಗು ತಾಗಿದರೂ ಬಣ್ಣ ಗೀಚೀತು ಎಂದು ಗದರುತ್ತಿದ್ದ. ತಾನು ಕಣ್ಣು ಮುಚ್ಚುವವರೆಗೂ ಈ ಇಂಜಿನ್ನು ಬರಬೇಕು ಎಂಬುದೊಂದೇ ಅವನ ಆಸೆ.

ಆಯಿಲ್ ಬದಲಾಯಿಸುವ ಹೊತ್ತು ಬಂತು. ಗ್ಯಾರೇಜಿನ ಮೇಸ್ತ್ರಿ ಸಿಂಥೆಟಿಕ್ ಆಯಿಲಿನ ಡಬ್ಬ ತೆಗೆದ. ವ್ಯಾಪಾರಿ ಸುಮ್ಮನಿರುತ್ತಾನೆಯೇ? ಬೆರಳು ಅದ್ದಿ ಉಜ್ಜಿದ. ಜಾರಿತು. ಅವನ ಮುಖ ಕಪ್ಪಿಟ್ಟಿತು.

“ಏನಪ್ಪ ಇದು? ನೀರು ಇದ್ದಂಗೈತೆ.”

“ಈ ಗಾಡಿಗೆ ಇದೇ ಸಾವ್ಕಾರ್ರೇ. ಸೊನ್ನೆ ಡಬ್ಲ್ಯೂ ಇಪ್ಪತ್ತು. ಇಂಜಿನ್ ಮುಚ್ಚಳದ ಮೇಲೇ ಬರ್ದವ್ರೆ ನೋಡಿ.”

“ಎಣ್ಣೆ ಯಾಪಾರ ಮಾಡೋ ನನಗೇ ಸೊನ್ನೆ ನಂಬರಿನ ಎಣ್ಣೆ ತೋರಿಸ್ತೀಯಾ? ಗಟ್ಟಿದು ತೆಗಿ. ಎಲ್ಲಕ್ಕಿಂತ ದೊಡ್ಡ ನಂಬರ್ ಯಾವ್ದೈತೋ ಅದನ್ನ ಹಾಕು.”

ಡಬ್ಲ್ಯೂಗೆ ಮೊದಲಿನ ನಂಬರು ಚಳಿಯದು, ಅದು ಸಣ್ಣದಾದಷ್ಟೂ ತಣ್ಣಗಿರುವಾಗ ಬೇಗ ಹರಿಯುತ್ತದೆ. ಆಮೇಲಿನ ನಂಬರು ಕಾವಿನದು, ಬಿಸಿಯಾದ ಮೇಲೆ ಎಷ್ಟು ಗಟ್ಟಿ ನಿಲ್ಲುತ್ತದೆ ಎಂಬುದರ ಲೆಕ್ಕ ಎಂದು ಮೇಸ್ತ್ರಿ ಹೇಳಲು ನೋಡಿದ. ವ್ಯಾಪಾರಿಯ ಕಿವಿಗೆ ಹೋಗಲಿಲ್ಲ. ಅವನ ಕಣ್ಣಿಗೆ ಕಂಡದ್ದು ಸೊನ್ನೆ ಮಾತ್ರ. ಪರೀಕ್ಷೆಯಲ್ಲಿ ಸೊನ್ನೆ ತೆಗೆದ ಮಗನನ್ನು ನೋಡುವ ಹಾಗೆ ಆ ಡಬ್ಬವನ್ನು ನೋಡಿದ. ಮೇಸ್ತ್ರಿ ಕೈಚೆಲ್ಲಿ, ಹಳೆಯ ಲಾರಿಗಳಿಗೆ ಹಾಕುವ ಇಪ್ಪತ್ತು ಡಬ್ಲ್ಯೂ ಐವತ್ತು ಆಯಿಲನ್ನು ತಂದು ಸುರಿದ. ಅದು ಜೇನಿನ ಹಾಗೆ ಎಳೆಯಾಗಿ ಇಳಿಯಿತು. ವ್ಯಾಪಾರಿಗೆ ಜೀವ ಬಂದ ಹಾಗಾಯಿತು.

“ಗುರುಗಳೇ,” ನಂಜುಂಡ ತಡೆಯಲಾರದೆ ನಡುವೆ ಬಾಯಿ ಹಾಕಿದ. “ನಾನು ಕೇಳಿದ್ದು ಕಾರಿನ ವಿಷಯವಲ್ಲ.”

“ಗೊತ್ತು. ಕೂತುಕೋ.”

ತಾನು ಎದ್ದು ನಿಂತದ್ದು ನಂಜುಂಡನಿಗೆ ಆಗಲೇ ತಿಳಿದದ್ದು. ನಾಚಿಕೊಂಡು ಮತ್ತೆ ಕೂತ. ಕೂತರೂ ಹೊದ್ದ ವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಬಿಚ್ಚಿ ಸುತ್ತುತ್ತಿದ್ದ. ಈ ಹೊತ್ತಿಗೆ ಅಕ್ಕ ಏನು ಮಾಡುತ್ತಿರಬಹುದು ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಗುರುಗಳು ಇನ್ನೊಂದು ಬತ್ತಿಗೆ ಹತ್ತಿ ಎಳೆದುಕೊಂಡರು.

ಬೇಸಿಗೆ ಹೇಗೋ ಕಳೆಯಿತು. ಚಳಿ ಶುರುವಾದ ಮೇಲೆ, ಬೆಳಿಗ್ಗೆ ಕಾರು ಚಾಲೂ ಮಾಡಿದ ಕೂಡಲೇ ಇಂಜಿನ್ನಿನ ನೆತ್ತಿಯಲ್ಲಿ ಕಟಕಟ ಸದ್ದು ಕೇಳತೊಡಗಿತು. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತಿತ್ತು. ವ್ಯಾಪಾರಿಯ ಎದೆಯಲ್ಲಿ ಮಾತ್ರ ನಿಲ್ಲಲಿಲ್ಲ. ಅಂಗಡಿಯಲ್ಲಿ ಕೂತರೂ ಅದೇ ಸದ್ದು, ಊಟಕ್ಕೆ ಕೂತರೂ ಅದೇ. ಆಯಿಲ್ ಸಾಕಷ್ಟು ಗಟ್ಟಿಯಿಲ್ಲ ಎಂದು ಅವನು ತೀರ್ಮಾನಿಸಿದ. ಇನ್ನೊಂದು ಗ್ಯಾರೇಜಿಗೆ ಹೋಗಿ ಬೇರೆ ಕಂಪನಿಯ ಗಟ್ಟಿ ಆಯಿಲ್ ಹಾಕಿಸಿದ. ಸದ್ದು ಹೋಗಲಿಲ್ಲ. ಆಯಿಲನ್ನು ಮಂದ ಮಾಡುವ ಮದ್ದೊಂದು ಸಿಗುತ್ತದೆಂದು ಯಾರೋ ಹೇಳಿದರು. ಅದನ್ನೂ ತಂದು ಸುರಿದ. ಸದ್ದು ಇನ್ನಷ್ಟು ಹೊತ್ತು ಕೇಳತೊಡಗಿತು. ಕಂಡ ಕಂಡ ಡ್ರೈವರನ್ನು ನಿಲ್ಲಿಸಿ ಯಾವ ಆಯಿಲ್ ಒಳ್ಳೆಯದು ಎಂದು ಕೇಳುವುದೇ ಅವನ ಕೆಲಸವಾಯಿತು. ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲರ ಮಾತೂ ಅವನಿಗೆ ಸರಿಯೆನ್ನಿಸಿತು.

ಜಪ, ಒಪ್ಪೊತ್ತು, ಮೌನ, ಗವಿ. ನಂಜುಂಡನ ಬೆರಳಿನಲ್ಲಿ ವಸ್ತ್ರದ ಅಂಚು ಬಿಗಿಯಿತು. ಅವನು ಗುರುಗಳ ಮುಖ ನೋಡಿದ. ಅವರು ಬತ್ತಿಯನ್ನೇ ನೋಡುತ್ತಿದ್ದರು.

ವ್ಯಾಪಾರಿಯ ಊರಿಗೂ ಧನುರ್ಮಾಸ ಬಂತು. ಸೂರ್ಯ ಹುಟ್ಟುವುದರೊಳಗೆ ದೇವರಿಗೆ ದೀಪ ಹಚ್ಚಿ ಪೂಜೆ ಮುಗಿಸಬೇಕು. ಎಣ್ಣೆ ಬೇಕೆಂದು ಜನ ಕತ್ತಲಲ್ಲೇ ಬರುತ್ತಾರೆಂದು ವ್ಯಾಪಾರಿ ಬೇಗ ಅಂಗಡಿ ತೆಗೆಯುತ್ತಿದ್ದ. ಒಂದು ಬೆಳಿಗ್ಗೆ, ರಾತ್ರಿಯೆಲ್ಲ ಅಂಗಡಿಯ ಮುಂದೆ ನಿಂತಿದ್ದ ಕಾರು ಬಿಸಿಯಾಗಲೆಂದು ಇಂಜಿನ್ನನ್ನು ಚಾಲೂ ಮಾಡಿ ಒಳಗೆ ಬಂದ. ಹೊರಗೆ ಕಟಕಟ ನಡೆದಿತ್ತು. ಆಗ ಒಬ್ಬ ಮುದುಕಿ ಮಿಂದ ಒದ್ದೆ ತಲೆಯಲ್ಲಿ, ನಡುಗುತ್ತಾ ಸಣ್ಣ ಶೀಶೆ ಹಿಡಿದು ಬಂದಳು. ಅವಳ ಮನೆಯ ದೇವರಿಗೆ ಕೊಬ್ಬರಿ ಎಣ್ಣೆಯ ದೀಪವೇ ಆಗಬೇಕು.

ವ್ಯಾಪಾರಿ ಡಬ್ಬ ಬಗ್ಗಿಸಿದ. ಒಂದು ತೊಟ್ಟೂ ಬೀಳಲಿಲ್ಲ. ಚಳಿಗೆ ಎಣ್ಣೆ ಬೆಣ್ಣೆಯ ಹಾಗೆ ಕಟ್ಟಿಕೊಂಡಿತ್ತು.

“ಗಟ್ಟಿಯಾಗ್ಬಿಟ್ಟೈತೆ ಕಣಜ್ಜಿ. ಒಳ್ಳೇ ಎಣ್ಣೆ, ಅದಕ್ಕೇ. ಸ್ವಲ್ಪ ಇರು, ಬಿಸಿಲು ಬರ್ಲಿ, ಕರಗಿಸಿ ಕೊಡ್ತೀನಿ.”

“ಬಿಸಿಲು ಬಂದ್ಮೇಲೆ ನಂಗೆ ದೀಪ ಯಾತಕ್ಕಪ್ಪಾ?”

ಮುದುಕಿಗೆ ಕೋಪವೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಖಾಲಿ ಶೀಶೆಯನ್ನು ಸೆರಗಿನೊಳಗೆ ಇಟ್ಟುಕೊಂಡು ನಡೆದಳು. ವ್ಯಾಪಾರಿ ಡಬ್ಬ ಹಿಡಿದುಕೊಂಡೇ ನಿಂತ. ಅವಳು ಬೀದಿಯ ತಿರುವು ದಾಟಿದ ಮೇಲೆ ಹೊರಗೆ ಕಟಕಟ ಸದ್ದು ನಿಂತಿತು. ಇಷ್ಟು ದಿನ ಸದ್ದು ನಿಂತಾಗ ಅವನಿಗೆ ನೆಮ್ಮದಿಯಾಗುತ್ತಿತ್ತು. ಅವತ್ತು ಅವನು ಕೈಯಲ್ಲಿದ್ದ ಡಬ್ಬವನ್ನೇ ನೋಡಿದ. ಇದರ ಹಾಗೇ ಚಳಿಗೆ ಮಂದವಾಗಿದ್ದ ಆಯಿಲ್ ಈಗ ಮೇಲೆ ಬಂದು ಮುಟ್ಟಿತು. ಇಲ್ಲಿಯವರೆಗೆ ಅಲ್ಲಿ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿತ್ತು. ಎಷ್ಟು ಬೆಳಿಗ್ಗೆಗಳಿಂದ ಹೀಗೆ ನಡೆದಿದೆಯೋ.

ಅಂಗಡಿ ಹಾಗೇ ಬಿಟ್ಟು ಅವನು ಮೊದಲಿನ ಗ್ಯಾರೇಜಿಗೆ ಕಾರು ಓಡಿಸಿದ. ಮೇಸ್ತ್ರಿ ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ ತೋರಿಸಿದ. ಹೊಳೆಯಬೇಕಾದ ಕಡೆ ಗೀರು ಬಿದ್ದಿತ್ತು. ಕೆಳಗಿನ ಆಯಿಲ್ ಇನ್ನೂ ಚಿನ್ನದ ಬಣ್ಣಕ್ಕೇ ಇತ್ತು.

“ಆಯಿಲ್ದು ತಪ್ಪಿಲ್ಲ ಸಾವ್ಕಾರ್ರೇ, ಒಳ್ಳೇದೇ. ಹಳೇ ಲಾರಿಗೆ ಹಾಕಿದ್ರೆ ಚೆನ್ನಾಗಿ ಬರ್ತಿತ್ತು. ಈ ಗಾಡಿ ಒಳಗೆ ಸಂದು ಸಣ್ಣ. ಮಂದ ಇರೋದು ಹತ್ತಿ ಬರೋದ್ರೊಳಗೆ ಉಜ್ಜಿ ಹೋಗಿರುತ್ತೆ.”

“ಈಗ ಆ ಸೊನ್ನೆ ನಂಬರಿಂದೇ ಹಾಕು. ಸರಿ ಹೋಗ್ತದಾ?”

ಮೇಸ್ತ್ರಿ ಕೈ ಒರೆಸಿಕೊಂಡ. “ಇನ್ಮೇಲೆ ಸವೆಯೋದು ಕಮ್ಮಿ ಆಗುತ್ತೆ. ಸವೆದಿದ್ದು ವಾಪಸ್ ಬರಲ್ಲ.”

ಕತೆ ಅಷ್ಟೇ. ಗುರುಗಳು ಹೊಸೆದ ಬತ್ತಿಗಳನ್ನು ತಟ್ಟೆಗೆ ಹಾಕಿದರು.

ನಂಜುಂಡನ ಕೈಯಿಂದ ವಸ್ತ್ರದ ಅಂಚು ಜಾರಿತ್ತು. ಕಾರ್ತಿಕದಿಂದ ಈಚೆಗಿನ ಬೆಳಗುಗಳು ಒಂದೊಂದೇ ಅವನ ಕಣ್ಣ ಮುಂದೆ ಬಂದವು. ಪ್ರತಿ ಬೆಳಗೂ ಅಕ್ಕ ಎದ್ದಿದ್ದಾಳೆ, ಬಾಗಿಲು ತೆಗೆದಿದ್ದಾಳೆ, ಬೀದಿಯ ಕಡೆ ಒಮ್ಮೆ ನೋಡಿ ಒಳಗೆ ಹೋಗಿದ್ದಾಳೆ. ಆ ಹೊತ್ತಿನಲ್ಲಿ ತಾನು ಇಲ್ಲಿ ಕಣ್ಣು ಮುಚ್ಚಿ ಗಟ್ಟಿಯಾಗುತ್ತಿದ್ದೆ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಆ ಹಳೆಯ ಭಯ ಎದೆಯಿಂದ ಇಳಿದಿರಲಿಲ್ಲ.

“ಗುರುಗಳೇ, ಅಲ್ಲಿಗೆ ಹೋಗಿ ಅವಳ ಮುಂದೆ ನಾನೇ ಅತ್ತುಬಿಟ್ಟರೆ?”

ಗುರುಗಳು ತಲೆಯೆತ್ತಿ ಅವನನ್ನು ನೋಡಿದರು.

“ಗೌರಕ್ಕನ ಊರಿಗೆ ಮೊದಲನೇ ಬಸ್ಸು ಎಷ್ಟು ಹೊತ್ತಿಗೆ, ನಂಜುಂಡ?”