ಮಂತ್ರಿ ತಿರುವಿದ ಮುದ್ದೆ

ಬೋರೆಗುಡ್ಡದ ಸೀಮೆಗೆ ಇಮ್ಮಡಿ ಬೊಮ್ಮರಸ ಅಂತ ಒಬ್ಬ ದೊರೆ. ಒಳ್ಳೆಯವನೇ. ಆದರೆ ಹೊಗಳಿಕೆ ಕೇಳಿದ ದಿನ ಬೇರೇನೂ ಕೇಳಿಸುತ್ತಿರಲಿಲ್ಲ.

ಒಂದು ದಿನ ಸಭೆಯಲ್ಲಿ ಮೀಸೆ ನೀವಿಕೊಂಡ. "ನನ್ನ ಸೀಮೆಯಲ್ಲಿ ಇನ್ನು ಯಾವ ಸೂರಿನಿಂದಲೂ ಹೊಗೆ ಏಳುವುದಿಲ್ಲ. ಹತ್ತು ಸಾವಿರ ಮನೆಗೆ ಹೊಗೆಯಿಲ್ಲದ ಒಲೆ ಕೊಟ್ಟಿದ್ದೇನೆ. ಬೇರೆ ಯಾವ ದೊರೆ ಕೊಟ್ಟಿದ್ದಾನೆ?"

"ಯಾರೂ ಇಲ್ಲ ಪ್ರಭು," ಅಂದ ಮಂತ್ರಿ ಚೆನ್ನಿಗರಾಯ. ಒಲೆ ಮಾಡಿಸಿದವನು ಅವನೇ. "ಕೇರಿ ಕೇರಿಯಲ್ಲೂ ನಾನೇ ನಿಂತು ಹಾಲುಕ್ಕಿಸಿದ್ದೇನೆ. ಒಂದೆಳೆ ಹೊಗೆ ಬರಲಿಲ್ಲ."

ಮೂಲೆಯಲ್ಲಿ ಕೆಂಚಣ್ಣ ಕೂತಿದ್ದ. ದೊರೆಯನ್ನು ನಗಿಸುವುದು ಅವನ ಕೆಲಸ. ತಾನು ನಕ್ಕು ಎರಡು ವರ್ಷವಾಗಿತ್ತು.

"ಒಲೆ ಬಲು ಚೆನ್ನಾಗಿದೆ ಪ್ರಭು," ಅಂದ. "ನಮ್ಮ ಪಕ್ಕದ ಮನೆ ರಂಗವ್ವ ಅದರೊಳಗೆ ಕೋಳಿ ಕಾವಿಗೆ ಕೂರಿಸಿದ್ದಾಳೆ. ಹನ್ನೊಂದು ಮೊಟ್ಟೆ."

"ಮತ್ತೆ ಅಡುಗೆ?"

"ಹಳೇ ಒಲೆಯಲ್ಲೇ."

ದೊರೆಯ ಮುಖ ಕೆಂಪಾಯಿತು. "ನಾಳೆ ಮಧ್ಯಾಹ್ನ ಹಳೇ ಒಲೆಗಳನ್ನೆಲ್ಲ ಒಡೆಯಿರಿ! ಆ ರಂಗವ್ವನ ಮನೆಯಿಂದಲೇ ಶುರುವಾಗಲಿ!"

ಆ ಒಲೆ ಒಡೆದರೆ ಒಂಬತ್ತು ಜನಕ್ಕೆ ಉಪವಾಸ. ಅಲ್ಲೇ ಉಣ್ಣುವ ಕೆಂಚಣ್ಣನೂ ಸೇರಿದರೆ ಹತ್ತು.

"ಕೆಂಚಣ್ಣ, ನೀನು ಹೊಗೆಯ ಪರವೇನೋ?"

"ನನ್ನ ಹೆಂಡತಿಯನ್ನು ಕೆಮ್ಮಿಸಿ ಕೆಮ್ಮಿಸಿ ಕೊಂಡುಹೋಯಿತು ಪ್ರಭು, ಹೊಗೆ. ಅದರ ಪರ ಹೇಗಿರಲಿ?"

ಕೆಂಚಣ್ಣ ಮುಂದೆ ಬಂದು ಕೈಮುಗಿದ.

"ನಮ್ಮ ಹೆಂಗಸರಿಗೆ ಹೊಸ ಒಲೆ ಪಳಗಿಲ್ಲ. ಮಂತ್ರಿಗಳು ನಾಳೆ ಅರಮನೆ ಅಂಗಳದಲ್ಲಿ ಒಂದು ಸಲ ಅಡುಗೆ ಮಾಡಿ ತೋರಿಸಲಿ. ತಾವು ಉಣ್ಣಿ. ನೋಡಿದ ಜನ ಹಳೇ ಒಲೆ ತಾವೇ ಒಡೀತಾರೆ."

"ಏನು ಅಡುಗೆ?" ಅಂದ ಮಂತ್ರಿ.

"ಜನ ದಿನಾ ಉಣ್ಣೋದು. ರಾಗಿ ಮುದ್ದೆ."

"ಅಷ್ಟೇನಾ?"

ಮುದ್ದೆಯನ್ನು ಅವನು ತಟ್ಟೆಯಲ್ಲಿ ಮಾತ್ರ ನೋಡಿದ್ದ.

ಮಾರನೇ ದಿನ ಅಂಗಳದ ತುಂಬ ಹೆಂಗಸರು. ಮಂತ್ರಿ ಒಲೆ ಹಚ್ಚಿದ. ಹೊಗೆ ಇಲ್ಲ. ನೀರು ಮರಳಿತು. ದೊರೆ ಮೀಸೆ ನೀವಿಕೊಂಡ. ಮಂತ್ರಿ ಹಿಟ್ಟು ಸುರಿದ.

"ತಿರುವಿ ಸ್ವಾಮಿ," ಅಂದಳು ರಂಗವ್ವ. "ಗಂಟಾಗುತ್ತೆ."

ಮಂತ್ರಿ ಮುದ್ದೆ ಕೋಲು ಹಾಕಿ ತಿರುವಿದ. ಹಿಟ್ಟು ಅಲ್ಲೇ ಇತ್ತು, ಮಡಕೆ ತಿರುಗಿತು.

"ಮಡಕೆ ಅದುಮಿ ಹಿಡೀರಿ!"

ಅದುಮಿದ.

"ಇನ್ನೂ ಬಲವಾಗಿ! ಹಾಲಲ್ಲ ಅದು, ಹಿಟ್ಟು! ಬೆಳಿಗ್ಗೆ ಉಂಡಿಲ್ವಾ?"

ಒಲೆ ಎತ್ತರ, ಮಣ್ಣಿನ ಮೈ ತೆಳ್ಳಗೆ. ಫಳ್ ಎಂದು ಸೀಳಿತು. ಮಡಕೆ ಮಗುಚಿ ಮಂತ್ರಿಯ ಪಂಚೆಯೆಲ್ಲ ರಾಗಿ. ಇನ್ನೊಂದು ಒಲೆ ತಂದರು. ಅದೂ ಹೋಯಿತು. ಮೂರನೆಯದೂ ಹೋಯಿತು. ಹೊತ್ತು ನೆತ್ತಿಗೇರಿತು.

ಮಂತ್ರಿ ಬೆವರೊರೆಸಿಕೊಂಡ. "ಒಲೆ ಸರಿಯಾಗಿದೆ ಪ್ರಭು. ಜನರ ಊಟ ಸರಿಯಿಲ್ಲ."

ದೊರೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ಕೆಂಚಣ್ಣ, ಎಲ್ಲಾದರೂ ಊಟ ಉಂಟೇನೋ?"

"ಉಂಟು ಪ್ರಭು. ರಂಗವ್ವನ ಸೊಸೆ ಹಳೇ ಒಲೆಯಲ್ಲಿ ಮುದ್ದೆ ತಿರುವುತ್ತಿದ್ದಾಳೆ. ಆದರೆ ಓಡಬೇಕು. ನಿನ್ನೆಯ ಅಪ್ಪಣೆಯಂತೆ ತಮ್ಮ ಆಳುಗಳು ಹಾರೆ ಹಿಡಿದು ಆ ಕಡೆಗೇ ಹೊರಟರು."

ದೊರೆ ಓಡಿದ. ಪೇಟ ಬಿತ್ತು, ಎತ್ತಿಕೊಳ್ಳಲಿಲ್ಲ. ಬಾಗಿಲಲ್ಲಿ ಆಳು ಹಾರೆ ಎತ್ತಿದ್ದ.

"ನಿಲ್ಲಿಸೋ! ನನ್ನ ಊಟ!"

ಹಿಂದೆ ಬಂದ ಕೆಂಚಣ್ಣ ಬಾಗಿಲಲ್ಲಿ ನಿಂತ, ದೊರೆ ಒಲೆ ಪಕ್ಕದಲ್ಲೇ ಕೂತ. ಬಿಸಿ ಮುದ್ದೆ, ಹುರುಳಿ ಸಾರು. ಎರಡು ತುತ್ತು ನುಂಗುವಷ್ಟರಲ್ಲಿ ಕೆಮ್ಮು ಹತ್ತಿತು. ಕಣ್ಣು ಮೂಗು ಎಲ್ಲ ನೀರು.

"ದಿನಾ ಹೀಗೇನಾ ತಾಯಿ?"

"ಇಲ್ಲ ಬುದ್ಧಿ," ಅಂದಳು ರಂಗವ್ವನ ಸೊಸೆ. "ಇವತ್ತು ಸೌದೆ ಒಣಗಿದೆ. ಹೊಗೆ ಕಮ್ಮಿ."

ದೊರೆ ಆಳಿನ ಕಡೆ ತಿರುಗಿದ. "ಹಾರೆ ಕೆಳಗಿಡೋ. ಒಲೆ ಹೊಸದಾಗಿ ಆಗಲಿ. ಕುಂಬಾರನ ಪಕ್ಕ ರಂಗವ್ವ ಕೂರಲಿ. ಅವಳು ಮುದ್ದೆ ತಿರುವಿ ಒಪ್ಪಿದರೆ ಮಾತ್ರ ಒಲೆ ಹೊರಗೆ ಹೋಗಲಿ. ಮಣ್ಣು ಚೆನ್ನಿಗರಾಯ ತುಳಿಯಲಿ."

ಅಷ್ಟರಲ್ಲಿ ಚೆನ್ನಿಗರಾಯ ಏದುಸಿರು ಬಿಡುತ್ತ ಬಂದ. ಒಳಗೆ ಇಣುಕಿದವನೇ ಗಾಬರಿಯಾದ.

"ಅಯ್ಯೋ ಕೆಂಚಣ್ಣ, ಪ್ರಭುಗಳು ಅಳ್ತಾ ಇದ್ದಾರಲ್ಲೋ!"

"ಇಲ್ಲ ಸ್ವಾಮಿ," ಅಂದ ಕೆಂಚಣ್ಣ. "ಯೋಜನೆ ಪರಿಶೀಲಿಸ್ತಾ ಇದ್ದಾರೆ."